ಜೆಲ್ಲಿ ಮೀನಿನ ವಿಷವೂ ಹೃದಯವೂ

1955ನೆಯ ಇಸವಿ ಜನವರಿ 20ರಂದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದ ಕಾರ್ಡ್‌ವೆಲ್ ಎಂಬ ಊರಿನ ಕಡಲಲ್ಲಿ ಐದು ವರ್ಷದ ಬಾಲಕನೊಬ್ಬನು ಯಾವುದೋ ಜಂತುವಿನ ಸ್ಪರ್ಶದಿಂದ ಅಸುನೀಗಿದನು. ಕೇರ್ನ್ಸ್ ಪಟ್ಟಣದ ವೈದ್ಯರಾದ ಹ್ಯೂಗೋ ಫ್ಲೆಕರ್ ಅವರು ಆ ನೀರಿನಲ್ಲಿ ಬಲೆ ಬೀಸಿಸಿ, ದೊರೆತ ಪೆಟ್ಟಿಗೆಯಾಕಾರದ ಜೆಲ್ಲಿ ಮೀನನ್ನು ಅಡಿಲೇಡಿನ ಸೌತ್‌ಕಾಟ್ ಎಂಬ ವಿದ್ವಾಂಸರಿಗೆ ಕಳುಹಿಸಿದರು. ಅದುವರೆಗೆ ಶಾಸ್ತ್ರದಲ್ಲಿ ಹೆಸರೇ ಇಲ್ಲದಿದ್ದ ಆ ಪ್ರಾಣಿಗೆ ಕೈರೊನೆಕ್ಸ್ ಫ್ಲೆಕರಿ ಎಂದು ನಾಮಕರಣವಾಯಿತು. ಮೀನೆಂಬುದು ಹೆಸರಿಗೆ ಮಾತ್ರ. ಅದಕ್ಕೆ ಎಲುಬಿಲ್ಲ, ಮಿದುಳಿಲ್ಲ, ನೀರಿನಲ್ಲಿ ಅದು ಕಣ್ಣಿಗೆ ಬೀಳುವುದೇ ದುರ್ಲಭ.

ಇದರ ಎಳೆಗಳು ಚರ್ಮಕ್ಕೆ ತಗುಲಿದೊಡನೆ ಅಸಂಖ್ಯ ಸೂಕ್ಷ್ಮಕೋಶಗಳು ಸಿಡಿದು ವಿಷವನ್ನು ಒಳಹೊಗಿಸುತ್ತವೆ. ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುವುದೇ ಈ ವಿಷದ ಗುಣ. ತೂತುಬಿದ್ದ ರಕ್ತಕಣಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಹೃದಯದ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಇವೆರಡರ ಪ್ರಮಾಣವು ನೆಟ್ಟಗಿದ್ದರೆ ತಾನೇ ಹೃದಯವು ಕ್ರಮವಾಗಿ ಹಿಗ್ಗಿ ಕುಗ್ಗುವುದು! ಪ್ರಮಾಣ ಕೆಟ್ಟರೆ ಲಯ ತಪ್ಪಿ ಬಡಿತವೇ ನಿಲ್ಲುತ್ತದೆ. ಎಳೆಗಳು ಮೈಗೆ ಬಹಳವಾಗಿ ಸುತ್ತಿಕೊಂಡಲ್ಲಿ ಐದು ನಿಮಿಷದೊಳಗೆ ಪ್ರಾಣ ಹೋದುದುಂಟು.

1970ರಿಂದ ಪ್ರತಿವಿಷವು ದೊರೆಯುತ್ತಿದೆ. ಆದರೆ ಐದು ನಿಮಿಷದಲ್ಲಿ ಅದನ್ನು ತಂದು ಚುಚ್ಚುವವರಾರು? ಅಲ್ಲಿಯ ಕಡಲತೀರಗಳಲ್ಲಿ ವಿನಿಗರಿನ ಶೀಸೆಗಳನ್ನಿಟ್ಟಿರುತ್ತಾರೆ; ಅದು ಇನ್ನೂ ಸಿಡಿಯದ ಕೋಶಗಳನ್ನು ಅಡಗಿಸುವುದೇ ಹೊರತು ಒಳಹೊಕ್ಕ ವಿಷವನ್ನು ಹಿಂತೆಗೆಯಲಾರದು. ಇಂತಹ ಸಮಯದಲ್ಲಿ, ಪಕ್ಕದಲ್ಲಿದ್ದವನು ಕೂಡಲೇ ಎದೆಯ ನಡುವೆ ಎರಡು ಹಸ್ತಗಳನ್ನೂ ಒತ್ತಿ, ನಿಮಿಷಕ್ಕೆ 100ರಿಂದ 120 ಬಾರಿ ಅದುಮುತ್ತ, ಬಾಯಿಂದ ಉಸಿರು ಕೊಡುತ್ತ ರಕ್ತಸಂಚಾರವನ್ನು ನಡೆಸಿಕೊಂಡು ಬರುವುದೇ ಮುಖ್ಯವಾದ ಆಸರೆಯೆಂದು ನಮ್ಮ ಅಭಿಪ್ರಾಯ. ಹೀಗೆ ಮಾಡಿದುದರಿಂದ ಬದುಕಿ ಉಳಿದವರಿದ್ದಾರೆ.

ಆಸ್ಟ್ರೇಲಿಯದ ಉತ್ತರದ ಕಡಲಿನ ಪ್ರಾಣಿಯ ಗೊಡವೆ ನಮಗೇಕೆಂದು ಕೆಲವು ವಾಚಕರು ಕೇಳಬಹುದು. ಎದೆ ನಿಲ್ಲಲು ಜೆಲ್ಲಿ ಮೀನೇ ಬೇಕೆ? ವಿದ್ಯುತ್ತಿನ ತಂತಿ ಮುಟ್ಟಿದವನಿಗೂ ಕೆರೆಯಲ್ಲಿ ಮುಳುಗಿದವನಿಗೂ ಇದೇ ಉಪಚಾರ. ನಮ್ಮ ಕಚೇರಿಗಳಲ್ಲಿ ಬೆಂಕಿ ನಂದಿಸುವ ಕೆಂಪು ಡಬ್ಬಿಯನ್ನು ಗೋಡೆಗೆ ತೂಗುಹಾಕಿ, ವರ್ಷಕ್ಕೊಮ್ಮೆ ಅದರ ಚೀಟಿಗೆ ರುಜು ಹಾಕುವುದುಂಟು. ಮುಂದೆ ಕುಳಿತ ಗುಮಾಸ್ತರು ಮೂರ್ಛೆಬಿದ್ದರೆ ಎದೆಯೊತ್ತಲು ಬಲ್ಲವರು ಅಲ್ಲಿ ಎಷ್ಟು ಮಂದಿ? ಈ ವಿದ್ಯೆಗೆ ಹೆಚ್ಚಿನ ವೆಚ್ಚವಿಲ್ಲ, ಕಟ್ಟಡ ಬೇಡ. ವಿದ್ಯಾ ಇಲಾಖೆಯವರು ಮೊದಲು ಕರಾವಳಿಯ ಪ್ರೌಢಶಾಲೆಗಳಲ್ಲಿ, ಬಳಿಕ ಉಳಿದೆಡೆಗಳಲ್ಲಿ, ವ್ಯಾಯಾಮದ ಹೊತ್ತಿನಲ್ಲಿಯೇ ಇದನ್ನು ಕಲಿಸುವ ಏರ್ಪಾಡನ್ನು ಬರುವ ವರ್ಷದಿಂದ ಮಾಡಬೇಕೆಂದು ಒತ್ತಾಯಪಡಿಸುತ್ತೇವೆ.