ಕಥೆ ಹೇಳುತ್ತಿರುವವರು ಯಾರು?

ನಮ್ಮ ಓದುಕೂಟಕ್ಕೆ ಬರಲಿರುವ ಸಂಗಾತಿಗಳೇ,

ಕಥೆಯನ್ನು ಪ್ರಶ್ನೆಪತ್ರಿಕೆಗೆ ಒಪ್ಪಿಸಿದ ಕಾಲ ಮುಗಿಯಿತು. ‘ಚೋಮನ ದುಡಿ’ಯಲ್ಲಿ ದುಡಿ ಯಾವುದರ ಸಂಕೇತ, ಎರಡು ಅಂಕ, ಚೋಮನ ಪಾತ್ರ ಚಿತ್ರಿಸಿ, ಐದು ಅಂಕ. ಗೈಡು ನೋಡಿ ಉತ್ತರ ಬರೆಸಿದ ಆ ಪದ್ಧತಿ ತಲೆಮಾರುಗಳನ್ನೇ ಕಥೆಯ ಹೊಸ್ತಿಲಾಚೆ ನಿಲ್ಲಿಸಿತು. ಸಂಕೇತ, ನಿರೂಪಣೆ, ವ್ಯಂಗ್ಯಗಳು ಉರು ಹೊಡೆಯುವ ಪಟ್ಟಿಯಾದವು. ದುಡಿಯ ಸದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಉಳಲು ನೆಲ ಸಿಗದ ಚೋಮನ ಸಿಟ್ಟಿಗೆ, ಸಂಕಟಕ್ಕೆ 1933ರಲ್ಲಿ ಶಿವರಾಮ ಕಾರಂತರು ಭಾಷಣ ಬರೆಯಲಿಲ್ಲ, ಅವನ ಕೈಗೆ ದುಡಿ ಕೊಟ್ಟರು.

ತಂತ್ರವೇ ಕಥೆಯ ಕಣ್ಣು ಎಂದು ನಾವು ನಂಬುತ್ತೇವೆ.

‘ಸಂಸ್ಕಾರ’ವನ್ನೇ ನೋಡಿ. ಆಚಾರ ಮುರಿದ ಬ್ರಾಹ್ಮಣ ನಾರಣಪ್ಪನ ಹೆಣ ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಈ ಒಂದು ಕಟ್ಟಳೆಯಿಂದ ಯು.ಆರ್. ಅನಂತಮೂರ್ತಿ, ಹೆಣವನ್ನು ಯಾರು ಸುಡಬೇಕೆಂಬ ಧರ್ಮಸೂಕ್ಷ್ಮದ ಚರ್ಚೆಗೆ ಹಸಿದ ಹೊಟ್ಟೆಯ ಅವಸರ ತುಂಬುತ್ತಾರೆ. ಇತ್ತ ನಾರಣಪ್ಪನ ಸಂಗಾತಿ ಚಂದ್ರಿ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗಿರುತ್ತಾಳೆ. ಅದು ನಮಗೆ ಗೊತ್ತು, ಬ್ರಾಹ್ಮಣರಿಗೆ ಗೊತ್ತಿಲ್ಲ. ಇಲ್ಲದ ಹೆಣದ ಗೊಡವೆಯಲ್ಲಿ ಅವರು ಊರೂರು ಅಲೆಯುತ್ತಾರೆ. ನಾಟಕೀಯ ವ್ಯಂಗ್ಯವೆಂದರೆ ಇದು. ಇದರ ವ್ಯಾಖ್ಯೆ ಬಾಯಿಪಾಠ ಮಾಡಿದವರಿಗೆ ಆ ಅಲೆದಾಟ ಕಾಣದೆ ಹೋದದ್ದು ನಮ್ಮ ಕಾಲದ ದೊಡ್ಡ ನಷ್ಟ.

ಯಾರು ಹೇಳುತ್ತಿದ್ದಾರೆ ಎಂಬುದು ನಮಗೆ ನ್ಯಾಯದ ಪ್ರಶ್ನೆ. ಪಾತ್ರಗಳು ಆಡುಮಾತಿನಲ್ಲಿ ಮಾತಾಡಲಿ, ಕಥೆ ಹೇಳುವುದು ಮಾತ್ರ ಶಿಷ್ಟ ಕನ್ನಡವಿರಲಿ ಎಂಬ ಹಳೆಯ ಪಾಲುಪಟ್ಟಿಯನ್ನು ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಹರಿದು ಹಾಕಿದರು. ಅಲ್ಲಿ ನಂಜನಗೂಡು ಸೀಮೆಯ ನುಡಿಯೇ ನಿರೂಪಕ. ರಾತ್ರಿ ದೀಪದ ಆತ್ಮಗಳಾದ ಜೋತಮ್ಮರು ಸೇರಿ ಮಾತಿಗೆ ಕೂರುತ್ತಾರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಕಾಫಿ ಹೌಸಿನಲ್ಲಿ ಕೂತ ಹೆಸರಿಲ್ಲದ ನಿರೂಪಕ ಹೇಳದೆ ಬಿಟ್ಟದ್ದೇ ಕಥೆ. ಅವನನ್ನು ನಂಬಿದಷ್ಟೂ ಹೊತ್ತು ಅವನ ಮನೆಯ ಮೌನದಲ್ಲಿ ನಮಗೂ ಪಾಲಿದೆ.

ಇನ್ನು ಮುಂದೆ ನಾವು ಕಥೆಯನ್ನು ಗಟ್ಟಿಯಾಗಿ ಓದುತ್ತೇವೆ, ಆಮೇಲಷ್ಟೇ ಪಾರಿಭಾಷಿಕ ಪದ ಬಳಸುತ್ತೇವೆ. ಹಳ್ಳಿ ಶಾಲೆಯಿರಲಿ, ವಿಶ್ವವಿದ್ಯಾಲಯವಿರಲಿ, ನಮ್ಮ ಮೊದಲ ಪ್ರಶ್ನೆ ಒಂದೇ: ಯಾರು, ಯಾರಿಗೆ, ಏನನ್ನು ಮುಚ್ಚಿಟ್ಟು ಹೇಳುತ್ತಿದ್ದಾರೆ? ಪ್ರತಿ ಓದುಗನಿಗೂ ನಾವು ಲೇಖನಿ ಕೊಡುತ್ತೇವೆ. ಚೋಮನ ಕಥೆಯನ್ನು ಮಗಳು ಬೆಳ್ಳಿ ಹೇಳಲಿ, ಅಗ್ರಹಾರದ ಕಥೆಯನ್ನು ಚಂದ್ರಿ ಹೇಳಲಿ. ಮೊದಲ ಕೂಟಕ್ಕೆ ಬರುವಾಗ ನಿಮಗೆ ಬಲು ಇಷ್ಟವಾದ ಕಥೆಯ ಒಂದು ಪುಟವನ್ನು ಅಲ್ಲಿ ಬಾಯಿ ಬಿಡದ ಪಾತ್ರದ ಮಾತಲ್ಲಿ ಬರೆದು ತನ್ನಿ.