ಉಂಡ ಮನೆಯ ಜಂತೆ ಎಣಿಸುವ ಆಟ

ಹತ್ತಿರ ಹತ್ತಿರ ಒಂದು ವರ್ಷ ಅವರು ನಂಬಿಕಸ್ಥರಾಗಿ ದುಡಿದರು. ಒಬ್ಬನಂತೂ ಸಂಸ್ಥೆಯ ಮುಖ್ಯಸ್ಥೆಗೆ ಬಲಗೈ ಆಗಿಬಿಟ್ಟ. 2005ರ ಏಪ್ರಿಲ್‌ನಲ್ಲಿ ಒಂದು ದಿನ ಸನ್ನೆ ಸಿಕ್ಕಿದ್ದೇ ತಡ, ಎಲ್ಲರೂ ಸೇರಿ ಉಗ್ರಾಣ ಬರಿದು ಮಾಡಿ, ಆಕೆಯ ಅಪರೂಪದ ಹಡಗನ್ನೂ ಉಡಾಯಿಸಿದರು. ಇದು ನಡೆದದ್ದು 'ಈವ್ ಆನ್‌ಲೈನ್' ಎಂಬ ಬಾಹ್ಯಾಕಾಶದ ಆಟದೊಳಗೆ. 'ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್' ಎಂಬ ಗುಂಪು ಸುಪಾರಿ ಪಡೆದು ಮಾಡಿದ ಕೆಲಸ. ನಷ್ಟ ಆಗಿನ ಅಂದಾಜಿನಲ್ಲಿ ಸುಮಾರು 16,500 ಡಾಲರ್.

ಯಾರಿಗೂ ಶಿಕ್ಷೆಯಾಗಲಿಲ್ಲ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ಈ ಆಟದಲ್ಲಿ ಇಂಥ ಮೋಸಕ್ಕೆ ಅಡ್ಡಿಯಿಲ್ಲ. 2009ರಲ್ಲಿ 'ಬ್ಯಾಂಡ್ ಆಫ್ ಬ್ರದರ್ಸ್' ಎಂಬ ಬಲಾಢ್ಯ ಕೂಟವನ್ನು ಮುಗಿಸಿದ್ದೂ ಯುದ್ಧವಲ್ಲ. ಅದರ ನಿರ್ದೇಶಕನೊಬ್ಬ ಎದುರಾಳಿಗಳ ಜೊತೆ ಸೇರಿ, ತನಗಿದ್ದ ಅಧಿಕಾರ ಬಳಸಿ ಕೂಟವನ್ನೇ ವಿಸರ್ಜಿಸಿಬಿಟ್ಟ.

'ಆಟ ತಾನೇ' ಎನ್ನುವವರಿದ್ದಾರೆ. 'ಅಮಾಂಗ್ ಅಸ್' ಎಂಬ ಆಟದ ಮಟ್ಟಿಗೆ ಆ ಮಾತು ಸರಿ. ನಮ್ಮೊಳಗೊಬ್ಬ ಕಳ್ಳನಿದ್ದಾನೆ ಎಂದು ಗೊತ್ತಿದ್ದೇ ಅಲ್ಲಿ ಎಲ್ಲರೂ ಕೂರುತ್ತಾರೆ, ಒಂದಷ್ಟು ನಿಮಿಷಕ್ಕೆ ನಗುತ್ತ ಏಳುತ್ತಾರೆ. ಈವ್‌ನಲ್ಲಿ ಮೋಸ ಹೋದವರು ಸುರಿದದ್ದು ತಿಂಗಳುಗಟ್ಟಲೆ ಸಂಜೆಗಳನ್ನು. ಹಡಗು ಕಾಲ್ಪನಿಕ ಇರಬಹುದು, ಅದಕ್ಕಾಗಿ ನಿದ್ದೆಗೆಟ್ಟದ್ದು ಕಾಲ್ಪನಿಕವಲ್ಲ.

ಹಾಗಾದರೆ ಕಂಪನಿ ಎಲ್ಲಿ ಗೆರೆ ಎಳೆಯುತ್ತದೆ? ಅದೂ 2009ರಲ್ಲೇ ಗೊತ್ತಾಯಿತು. ಆಟಗಾರರೇ ನಡೆಸುತ್ತಿದ್ದ 'ಈಬ್ಯಾಂಕ್'ನ ಮುಖ್ಯಸ್ಥ, ಆಸ್ಟ್ರೇಲಿಯಾದವನು, ಠೇವಣಿದಾರರ ಸುಮಾರು 200 ಬಿಲಿಯನ್ ಆಟದ ನಾಣ್ಯ ಎತ್ತಿ ಮಾರಿದ. ಬಂದ ಹಣ ಮನೆಯ ಮುಂಗಡಕ್ಕೆ, ಮಗನ ಆಸ್ಪತ್ರೆ ಖರ್ಚಿಗೆ ಹೋಯಿತು. ಅವನನ್ನು ಆಟದಿಂದ ಹೊರಹಾಕಿದರು. ಕದ್ದದ್ದಕ್ಕಲ್ಲ, ನಿಜವಾದ ದುಡ್ಡಿಗೆ ಮಾರಿದ್ದಕ್ಕೆ! ನಾಣ್ಯವನ್ನು ಆಟದೊಳಗೇ ಬಚ್ಚಿಟ್ಟುಕೊಂಡಿದ್ದರೆ ಅವನು ಇನ್ನೂ ಆಡಿಕೊಂಡಿರಬಹುದಿತ್ತು. ಕಂಪನಿ ಕಾಯುವುದು ತನ್ನ ವ್ಯಾಪಾರವನ್ನು. ಠೇವಣಿದಾರರ ನಂಬಿಕೆಗೆ ಅಲ್ಲಿ ಕಾವಲುಗಾರರಿಲ್ಲ. ಮೋಸದ ಸುದ್ದಿ ಪತ್ರಿಕೆಗಳಲ್ಲಿ ಬಂದಷ್ಟೂ ಆಟಕ್ಕೆ ಪುಕ್ಕಟೆ ಜಾಹೀರಾತು ಬೇರೆ.

2017ರ ಸೆಪ್ಟೆಂಬರ್‌ನಲ್ಲಿ 'ಸರ್ಕಲ್ ಆಫ್ ಟೂ' ಕೂಟದಲ್ಲೂ ಇದೇ ಆಯಿತು. ಒಳಗಿನವನೊಬ್ಬ ಕೋಟೆಗಳನ್ನು ವೈರಿಗಳಿಗೆ ಒಪ್ಪಿಸಿ ಬೊಕ್ಕಸ ದೋಚಿದ. ಕೂಟದ ನಾಯಕ ಸಿಟ್ಟು ತಡೆಯಲಾರದೆ, ಕೈ ಕತ್ತರಿಸುವ ಮಾತನ್ನು ಚಾಟ್‌ನಲ್ಲೇ ಆಡಿದ. ಆ ಬೆದರಿಕೆಗೆ ಅವನಿಗೆ ನಿಷೇಧ ಬಿತ್ತು, ಬೀಳಬೇಕಾದದ್ದೇ. ದ್ರೋಹ ಬಗೆದವನಾದರೋ, ಆಟಗಾರರ ಅಹವಾಲನ್ನು ಕಂಪನಿಗೆ ಮುಟ್ಟಿಸಲೆಂದು ಆಟಗಾರರೇ ಮತ ಹಾಕಿ ಆರಿಸಿದ್ದ ಪ್ರತಿನಿಧಿ.