ಏರಿಯೊಳಗಿನ ಕೊಳವೆ

ಕೆರೆಯ ಹಳೆಯ ತೂಬು ಕೆಟ್ಟಿತೆಂದು ಏರಿಯನ್ನು ಸೀಳಿ ಸಿಮೆಂಟು ಕೊಳವೆ ಹಾಕುವುದನ್ನು ನಮ್ಮಲ್ಲಿ ಅನೇಕರು ನಿಂತು ನೋಡಿದ್ದೇವೆ. ಕೊಳವೆ ಇಳಿಸುವಾಗ ಇರುವ ಎಚ್ಚರ ಮಣ್ಣು ಮುಚ್ಚುವಾಗ ಇರುವುದಿಲ್ಲ. ಕೊಳವೆಯ ಉದ್ದವನ್ನು ಟೇಪು ಹಿಡಿದು ಅಳೆಯಬಹುದು; ಮುಚ್ಚಿಹೋದ ಮಣ್ಣು ಎಷ್ಟು ಗಟ್ಟಿಯೆಂದು ಆಮೇಲೆ ಅಳೆಯುವವರಾರು? ಏರಿಯ ಕೆಳಗೆ ಬಾಡಿಗೆ ಮನೆ ಹಿಡಿದವರು ಗಿರಣಿಯ ಕೆಲಸಗಾರರು, ಅಂಗಡಿ ಇಟ್ಟವರು ಸಣ್ಣ ವ್ಯಾಪಾರಿಗಳು. ಆದುದರಿಂದ ಇದು ಎಂಜಿನಿಯರರೂ ಗುತ್ತಿಗೆದಾರರೂ ತಮ್ಮೊಳಗೆ ಮುಗಿಸಿಕೊಳ್ಳುವ ವಿಷಯವೆಂದು ನಾವು ಒಪ್ಪುವುದಿಲ್ಲ.

ದುಂಡು ಕೊಳವೆಯ ಕೆಳಹೊಟ್ಟೆಗೆ ದಿಮ್ಮಸಿನ ಏಟು ತಾಗದು. ಅಲ್ಲಿ ಉಳಿದ ಸಂದಿಯೇ ನೀರಿಗೆ ದಾರಿ. ಮೊದಲು ಬರೀ ಒಸರು. ಆ ಒಸರು ನುಣ್ಣನೆಯ ಮಣ್ಣನ್ನು ಕಣಕಣವಾಗಿ ಹೊರಗೆ ಸಾಗಿಸುತ್ತದೆ. ಸಂದಿ ಹೊರಗಿನಿಂದ ಕೆರೆಯ ಕಡೆಗೆ ಬೆಳೆಯುತ್ತ ಹೋಗುತ್ತದೆ. ಏರಿಯ ಮೇಲೆ ಗಾಡಿ ಹೊಡೆಯುವವನಿಗೆ ಏನೂ ಕಾಣದು. ಅಮೆರಿಕದ ಕೊಲರಾಡೊದಲ್ಲಿ 1903ರಲ್ಲಿ ಕಟ್ಟಿದ ಲಾನ್ ಲೇಕ್ ಎಂಬ ಮಣ್ಣಿನ ಕಟ್ಟೆ 1982ರ ಜುಲೈ 15ರಂದು ಒಡೆಯಿತು. ಕೊಳವೆಯೂ ಕವಾಟವೂ ಕೂಡುವಲ್ಲಿ ತುಂಬಿದ್ದ ಸೀಸ ಕೆಟ್ಟು, ಸೋರಿದ ನೀರು ಸುತ್ತಲ ಮಣ್ಣನ್ನು ಕೊರೆದಿತ್ತು. ಮೂವರು ಸತ್ತರು, ಎಸ್ಟೀಸ್ ಪಾರ್ಕ್ ಪಟ್ಟಣದ ಅಂಗಡಿ ಬೀದಿಗೆ ಕೆಸರುನೀರು ನುಗ್ಗಿತು.

ಕೊಳವೆಗೆ ಅಲ್ಲಲ್ಲಿ ಕಾಂಕ್ರೀಟಿನ ಕಾಲರು ಕಟ್ಟಿದರೆ ಸಾಕೆಂಬ ನಂಬಿಕೆ ಬಹುಕಾಲ ಇತ್ತು. ಅಡ್ಡ ನಿಂತ ಆ ಕಾಲರಿನ ಮಗ್ಗುಲಲ್ಲೇ ಮಣ್ಣು ಸಡಿಲ ಉಳಿಯುತ್ತದೆಂಬುದು ಅನುಭವದಿಂದ ತಿಳಿಯಿತು. 1980ರ ದಶಕದಿಂದ ಅಮೆರಿಕದ ಸರ್ಕಾರಿ ಎಂಜಿನಿಯರರು ಅದನ್ನು ಕೈಬಿಟ್ಟು, ಏರಿಯ ಹೊರಪಕ್ಕದಲ್ಲಿ ಕೊಳವೆಯ ಸುತ್ತಲೂ ಶುದ್ಧ ಮರಳಿನ ಪದರ ಇಡತೊಡಗಿದರು. ಮರಳು ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ. ಬಂದ ನೀರು ಕಾಲುವೆಗೆ ಹೋಗಲು ದಾರಿ ಇದ್ದರಾಯಿತು. ಇದಕ್ಕೆ ಪರದೇಶದ ಯಂತ್ರವೇನೂ ಬೇಕಿಲ್ಲ. ಜೊಂಡಿಲ್ಲದ, ಮಣ್ಣು ಬೆರೆಯದ ಮರಳು ಬೇಕು, ಅಷ್ಟೆ.

ನಮ್ಮ ಒತ್ತಾಯ ಇದು: ಕೊಳವೆ ಕಾಂಕ್ರೀಟಿನ ತೊಟ್ಟಿಲ ಮೇಲೆ ಕೂರಲಿ. ಹದವಾಗಿ ಹಸಿಯಿರುವ ಜೇಡಿಮಣ್ಣನ್ನು 6 ಅಂಗುಲ ಮೀರದ ಪದರಗಳಲ್ಲಿ ಹರಡಿ ಕೈಯಿಂದಲೇ ದಿಮ್ಮಸು ಹೊಡೆಸಲಿ. ಆ ಕೂಲಿಯನ್ನು ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಕೊಳವೆ ಕಣ್ಮರೆಯಾಗುವ ಮುನ್ನ ಏರಿಯ ಕೆಳಗಿನ ಜನರನ್ನು ಕರೆದು ತೋರಿಸಲಿ.

ಈಗಾಗಲೇ ಒಸರುವ ಕಡೆ ಹೊರಬಾಯಿಗೆ ಸಿಮೆಂಟು ಮೆತ್ತುವ ಚಾಳಿಯೊಂದುಂಟು. ಸಿಮೆಂಟು ಮೆತ್ತಿದರೆ ನೀರು ಒಳಗೇ ಒತ್ತಿ ಬೇರೆ ದಾರಿ ಹುಡುಕುತ್ತದೆ. ತಿಳಿನೀರಾದರೆ ಮರಳು, ಅದರ ಮೇಲೆ ಜಲ್ಲಿ ಹಾಕಿ ದಿನವೂ ನೋಡುತ್ತಿರಬೇಕು. ಕೆಂಪು ನೀರು ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗಿನ ಮನೆಗಳವರನ್ನು ಎಬ್ಬಿಸಬೇಕು, ಅಧಿಕಾರಿಯನ್ನೂ ಎಬ್ಬಿಸಬೇಕು.